ದ್ವಾರಪಾಲಕನೂ ದಾಸರ ದಾಸನೂ

1888ನೆಯ ಇಸವಿ ಜನವರಿ 15ನೆಯ ದಿನ ರೋಮ್ ನಗರದಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಯೇಸುಸಭೆಗೆ ಸೇರಿದ ಮೂವರನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು. ಒಬ್ಬನು ಸ್ಪೇನ್ ದೇಶದ ಒಂದು ದ್ವೀಪದಲ್ಲಿ ಕಾಲೇಜಿನ ಬಾಗಿಲು ಕಾಯುತ್ತ ಮುದುಕನಾದವನು. ಇನ್ನೊಬ್ಬನು ಓದು ಮುಗಿಯುವ ಮೊದಲೇ, 22 ವರ್ಷಕ್ಕೆ, ತೀರಿಕೊಂಡ ವಿದ್ಯಾರ್ಥಿ. ಮೂರನೆಯವನು ಅಮೆರಿಕದ ಒಂದು ರೇವುಪಟ್ಟಣದಲ್ಲಿ ಹಡಗುಗಳಿಂದ ಇಳಿಯುವ ಗುಲಾಮರ ನಡುವೆ ಸುಮಾರು ನಾಲ್ವತ್ತು ವರ್ಷ ಕಳೆದವನು. ಅಲ್ಫೋನ್ಸಸ್ ರೊಡ್ರಿಗಸ್, ಜಾನ್ ಬರ್ಕ್‌ಮನ್ಸ್, ಪೀಟರ್ ಕ್ಲೇವರ್ ಎಂಬುವು ಇವರ ಹೆಸರುಗಳು. ಇವರಲ್ಲಿ ಮೊದಲನೆಯವನೂ ಮೂರನೆಯವನೂ ಗುರುಶಿಷ್ಯರು. ಬಾಗಿಲು ಕಾಯುವವನೇ ಗುರು, ತತ್ತ್ವಶಾಸ್ತ್ರ ಓದುತ್ತಿದ್ದವನೇ ಶಿಷ್ಯ. ಆ ಇಬ್ಬರ ಚರಿತ್ರೆಯೇ ಇಂದಿನ ನಮ್ಮ ಭಾಷಣದ ಮುಖ್ಯ ವಿಷಯ.

ಇಂಗ್ಲಿಷ್ ಓದಿದ ನಮ್ಮಂಥವರಿಗೆ 'ಜೆಸ್ವಿಟ್' ಎಂಬ ಮಾತು ಮೊದಲು ಪರಿಚಯವಾಗುವುದು ಕುಟಿಲತೆಗೆ ಪರ್ಯಾಯಪದವಾಗಿ. ನಿಘಂಟುಗಳಲ್ಲಿ ಈ ಅರ್ಥ ಇದ್ದೇ ಇದೆ. ಅದು ಇಂಗ್ಲೆಂಡಿನ ಮತೀಯ ಕಲಹಗಳಿಂದ ಬಂದ ಬಳುವಳಿ. ಫ್ರಾನ್ಸ್ ದೇಶದ ಪಾಸ್ಕಲನ ಹರಿತವಾದ ಲೇಖನಿಯೂ ಅದಕ್ಕೆ ಸಾಕಷ್ಟು ಸಹಾಯಮಾಡಿತು. ಇಗ್ನೇಷಿಯಸ್ ಲೊಯೊಲನು ಕಟ್ಟಿದ ಈ ಸಭೆಗೆ ಪೋಪ್ ಮೂರನೆಯ ಪೌಲನು 1540ರಲ್ಲಿ ಒಪ್ಪಿಗೆಯಿತ್ತನು. ನೂರು ವರ್ಷ ಕಳೆಯುವುದರೊಳಗಾಗಿ ಅದರ ಸದಸ್ಯರು ಯೂರೋಪಿನ ರಾಜರ ಪಾಪನಿವೇದನೆಯನ್ನು ಕೇಳುವ ಗುರುಗಳಾಗಿದ್ದರು, ಕಾಲೇಜುಗಳ ಒಡೆಯರಾಗಿದ್ದರು. ಇಂದು ಲೋಕವೆಲ್ಲ ಬಳಸುವ ಗ್ರೆಗೋರಿಯನ್ ಪಂಚಾಂಗದ ಲೆಕ್ಕವನ್ನು ವಿವರಿಸಿ ಸಮರ್ಥಿಸಿದ ಕ್ಲೇವಿಯಸನು ಜೆಸ್ವಿಟ್. ಚೀನದ ಪಂಡಿತರ ಉಡುಪು ತೊಟ್ಟು ಪೀಕಿಂಗಿನಲ್ಲಿ ನೆಲಸಿದ ಮತ್ತೆಯೋ ರಿಚ್ಚಿಯೂ ಜೆಸ್ವಿಟ್. ಇಂಥ ಸಭೆಯು ತನ್ನ ಪ್ರತಾಪದ ಹೆಸರುಗಳನ್ನು ಪಕ್ಕಕ್ಕಿಟ್ಟು ಒಬ್ಬ ಬಾಗಿಲವನನ್ನು ಪೀಠದ ಮೇಲೆ ಕೂರಿಸಿತೆಂಬುದು ಯೋಚಿಸತಕ್ಕ ಸಂಗತಿ.

ನಮ್ಮ ನಾಡಿಗೂ ಈ ಸಭೆಗೂ ನೇರವಾದ ನಂಟುಂಟು. 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಅಲ್ಲಿ ಕಾಲೇಜನ್ನು ತೆರೆದು ಅದಕ್ಕೆ ತಮ್ಮ ಸಭೆಯ ಸಂತನಾದ ಅಲೋಷಿಯಸ್ ಗೊಂಜಾಗನ ಹೆಸರನ್ನಿಟ್ಟರು. ಶ್ರೀಮಂತ ಮನೆತನದ ಹಿರಿಯ ಮಗನಾಗಿದ್ದ ಈತನು ಆಸ್ತಿಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಶುಶ್ರೂಷೆ ಮಾಡುತ್ತ ತಾನೇ ರೋಗ ತಗುಲಿ 1591ರಲ್ಲಿ, 23 ವರ್ಷಕ್ಕೆ, ಮಡಿದನು. ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡುತ್ತಿದ್ದ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿಸಿದ ಪಾದ್ರಿ ಮುಲ್ಲರ್ ಅವರೂ ಈ ಸಭೆಯವರೇ. ಆದ್ದರಿಂದ ಈ ಸಂತರ ಕಥೆಗಳು ಕನ್ನಡ ಜಿಲ್ಲೆಯವರಿಗೆ ತೀರ ಹೊರಗಿನವಲ್ಲ.

ಕಥೆಯನ್ನು ಹೇಳುವ ಮೊದಲು ಆಧಾರಗಳ ವಿಷಯವಾಗಿ ಒಂದು ಮಾತು. ಸಂತರ ಚರಿತ್ರೆಯೆಂದರೆ ಪವಾಡಗಳ ಸಂತೆ ಎಂದು ಮೂಗುಮುರಿಯುವವರುಂಟು. ನಮ್ಮ ಶರಣರ ಪುರಾಣಗಳ ವಿಷಯದಲ್ಲೂ ಇದೇ ತೊಡಕು ಇದೆಯಷ್ಟೆ. ಆದರೆ ಸಂತರ ಕಥೆಗಳಲ್ಲಿ ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವ ಕೆಲಸವನ್ನು ಶಾಸ್ತ್ರೀಯವಾಗಿ ಕೈಗೊಂಡವರೂ ಜೆಸ್ವಿಟರೇ ಎಂಬುದನ್ನು ಮರೆಯಬಾರದು. ಬೊಲಾಂಡನೆಂಬುವನೂ ಅವನ ಸಂಗಡಿಗರೂ 1643ರಲ್ಲಿ ಆಂಟ್‌ವರ್ಪಿನಲ್ಲಿ ಸಂತಚರಿತ್ರೆಗಳ ಮಹಾಸಂಪುಟಗಳನ್ನು ಹೊರಡಿಸಲಾರಂಭಿಸಿದರು. ಹಳೆಯ ಓಲೆಗಳನ್ನು ಹೋಲಿಸಿ, ತಿದ್ದಿ, ಸುಳ್ಳೆಂದು ಕಂಡದ್ದನ್ನು ಸುಳ್ಳೆಂದೇ ಹೇಳಿ, ಹಲವು ಮಠಗಳವರ ಕೋಪಕ್ಕೆ ಅವರು ಗುರಿಯಾದರು. ನಮ್ಮ ಇಬ್ಬರ ವಿಷಯದಲ್ಲಾದರೋ ಆಧಾರಗಳು ಗಟ್ಟಿಯಾಗಿವೆ. ಅಲ್ಫೋನ್ಸಸನು ಮೇಲಿನವರ ಆಜ್ಞೆಗೆ ಕಟ್ಟುಬಿದ್ದು ತನ್ನ ಒಳಬಾಳನ್ನು ತಾನೇ ಬರೆದಿಟ್ಟಿದ್ದಾನೆ. ಕ್ಲೇವರನ ವಿಷಯವಾಗಿ, ಆತನು ತೀರಿಕೊಂಡ ನಾಲ್ಕೇ ವರ್ಷಗಳಲ್ಲಿ, 1658ರಿಂದ, ಪ್ರತ್ಯಕ್ಷ ಕಂಡವರನ್ನು ಪ್ರಮಾಣಮಾಡಿಸಿ ಹೇಳಿಕೆಗಳನ್ನು ಬರೆದುಕೊಂಡರು.

ಅಲ್ಫೋನ್ಸಸನು 1532ರ ಸುಮಾರಿಗೆ ಸ್ಪೇನಿನ ಸೆಗೋವಿಯ ಪಟ್ಟಣದಲ್ಲಿ ಜವಳಿ ವರ್ತಕನ ಮಗನಾಗಿ ಹುಟ್ಟಿದನು. ಲೊಯೊಲನ ಮೊದಲ ಸಂಗಡಿಗರಲ್ಲೊಬ್ಬನಾದ ಪೀಟರ್ ಫೇಬರನು ಒಮ್ಮೆ ಈ ಮನೆಯಲ್ಲಿ ಅತಿಥಿಯಾಗಿದ್ದು ಹುಡುಗನಿಗೆ ಪ್ರಾರ್ಥನೆಯನ್ನು ಕಲಿಸಿದನಂತೆ. ಓದಿಗೆಂದು ಆಲ್ಕಲಾಕ್ಕೆ ಹೋದ ಹುಡುಗ ತಂದೆಯ ಮರಣದಿಂದ ಅಂಗಡಿಗೆ ಹಿಂದಿರುಗಬೇಕಾಯಿತು. ವ್ಯಾಪಾರವು ಆತನಿಗೆ ಒಗ್ಗಲಿಲ್ಲ. ಮದುವೆಯಾದನು, ಮಕ್ಕಳಾದರು. ಅನಂತರ ಮನೆಯಲ್ಲಿ ಸಾವು ಬಾಗಿಲು ಕಂಡುಕೊಂಡಿತು: ಮಕ್ಕಳು ಹೋದರು, ಹೆಂಡತಿ ಹೋದಳು, ತಾಯಿ ಹೋದಳು, ಉಳಿದ ಒಬ್ಬ ಮಗನೂ ಹೋದನು. ಮೂವತ್ತೈದರ ಅಂಚಿನಲ್ಲಿ ಆತನ ಬಳಿ ಉಳಿದದ್ದು ಕುಸಿಯುತ್ತಿದ್ದ ಅಂಗಡಿ ಮಾತ್ರ.

ಯೇಸುಸಭೆಗೆ ಸೇರಬೇಕೆಂದು ಕೇಳಿಕೊಂಡರೆ ಅಲ್ಲಿಯೂ ಬೇಡವೆಂದರು. ವಯಸ್ಸು ಮೀರಿತ್ತು, ದೇಹದಲ್ಲಿ ಕಸುವಿರಲಿಲ್ಲ, ವಿದ್ಯೆ ಅರ್ಧಕ್ಕೆ ನಿಂತಿತ್ತು. ಆಗ ಆತನು ವೆಲೆನ್ಸಿಯಕ್ಕೆ ಹೋಗಿ ಚಿಕ್ಕ ಹುಡುಗರ ಜೊತೆ ಬೆಂಚಿನ ಮೇಲೆ ಕುಳಿತು ಲ್ಯಾಟಿನ್ ವ್ಯಾಕರಣವನ್ನು ಕಲಿಯತೊಡಗಿದನು. ಪಾಠಶಾಲೆಯ ಪೋಕರಿಗಳ ಸ್ವಭಾವವನ್ನು ಬಲ್ಲ ನಮಗೆ, ಮುಪ್ಪಿಗೆ ಹೊರಳುತ್ತಿದ್ದ ಈ ವಿಧುರನ ಅವಸ್ಥೆಯನ್ನು ಊಹಿಸುವುದು ಕಷ್ಟವಲ್ಲ. ವ್ಯಾಕರಣವೇನೂ ವಿಶೇಷವಾಗಿ ತಲೆಗೆ ಹತ್ತಲಿಲ್ಲ. ಕೊನೆಗೆ ಆ ಪ್ರಾಂತದ ಅಧ್ಯಕ್ಷನು ಪರೀಕ್ಷಕರ ಮಾತನ್ನು ಬದಿಗೊತ್ತಿ 1571ರ ಜನವರಿಯಲ್ಲಿ ಆತನನ್ನು ಸೇವಾಸಹೋದರನನ್ನಾಗಿ ಸೇರಿಸಿಕೊಂಡನು. ಪಾದ್ರಿಯಾಗಲೂ ಸಹೋದರನಾಗಲೂ ಯೋಗ್ಯತೆ ಸಾಲದಿದ್ದರೆ ಸಂತನಾಗಲೆಂದೇ ಬರಲಿ ಎಂದು ಆ ಅಧ್ಯಕ್ಷನು ನುಡಿದನೆಂದು ಸಭೆಯ ಪರಂಪರೆ ಹೇಳುತ್ತದೆ.

ಸೇವಾಸಹೋದರನೆಂದರೆ ಗುರುಪಟ್ಟವಿಲ್ಲದೆ, ಅಡಿಗೆ, ಹೊಲಿಗೆ, ತೋಟ, ಬಾಗಿಲು ಮೊದಲಾದ ಮನೆಗೆಲಸಗಳನ್ನು ಮಾಡಿಕೊಂಡಿರುವವನು. ಸಭೆಯ ಮೆಟ್ಟಿಲುಗಳಲ್ಲಿ ಕೆಳಗಿನದು ಅವನದು. ಅದೇ ವರ್ಷ ಅಲ್ಫೋನ್ಸಸನನ್ನು ಮಯೋರ್ಕ ದ್ವೀಪದ ಪಾಲ್ಮ ಪಟ್ಟಣದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮೊಂತೆಸಿಯೋನ್ ಕಾಲೇಜಿಗೆ ಕಳುಹಿಸಿದರು. ಅಲ್ಲಿಂದ ಆತನು ಹಿಂದಿರುಗಲಿಲ್ಲ. 1617ರ ಅಕ್ಟೋಬರ್ 31ರಂದು ಕಣ್ಣುಮುಚ್ಚುವವರೆಗೆ 46 ವರ್ಷ ಅದೇ ಮನೆ. ಅದರಲ್ಲಿ ಬಹುಪಾಲು ಅದೇ ಬಾಗಿಲು. ಬಂದವರನ್ನು ಕೂರಿಸುವುದು, ಒಳಗಿನ ಪಾದ್ರಿಗಳನ್ನು ಹುಡುಕಿ ಕರೆತರುವುದು, ಸುದ್ದಿ ಮುಟ್ಟಿಸುವುದು, ಭಿಕ್ಷೆಗೆ ಬಂದವರಿಗೆ ರೊಟ್ಟಿ ಹಂಚುವುದು, ದಿಕ್ಕಿಲ್ಲದೆ ಬಂದವನಿಗೆ ಎರಡು ಸಮಾಧಾನದ ಮಾತು ಹೇಳುವುದು — ಇಷ್ಟೇ ಕೆಲಸ. ಗಂಟೆ ಬಾರಿಸಿದಾಗಲೆಲ್ಲ, ಹೊರಗೆ ನಿಂತಿರುವವನು ಸ್ವಾಮಿಯೇ ಎಂದು ಭಾವಿಸಿ, ಇಗೋ ಬಂದೆ ಸ್ವಾಮಿ ಎಂದು ಹೇಳಿಕೊಳ್ಳುತ್ತ ಆತನು ಎದ್ದುಹೋಗುತ್ತಿದ್ದನಂತೆ. ನಮ್ಮ ದೇವಾಲಯಗಳಲ್ಲಿ ಗದೆ ಹಿಡಿದ ದ್ವಾರಪಾಲಕರು ಒಳಗಿರುವ ದೇವರನ್ನು ಕಾಯುತ್ತಾರೆ. ಈ ದ್ವಾರಪಾಲಕನ ದೇವರು ಹೊರಗಿನಿಂದ ಬಂದು ಗಂಟೆ ಬಾರಿಸುವವನು.

ಈ ಬಾಳು ನೆಮ್ಮದಿಯದಾಗಿತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಆತನು 1604ರಿಂದ ಬರೆದಿಟ್ಟ ನೆನಪುಗಳಲ್ಲಿ ಕಾಣುವುದು ಸಂಶಯ, ಭಯ, ವರ್ಷಗಟ್ಟಲೆಯ ಒಣ ಪ್ರಾರ್ಥನೆ, ಮನಸ್ಸನ್ನು ಹಿಂಡುವ ಕೆಟ್ಟ ಕಲ್ಪನೆಗಳು. ಅವುಗಳನ್ನು ಅಡಗಿಸಲು ಆತನು ದೇಹವನ್ನು ದಂಡಿಸಿದ ಬಗೆಯು ಇಂದಿನವರಿಗೆ ಒಪ್ಪುವಂಥದಲ್ಲ, ನಮಗೂ ಒಪ್ಪುವುದಿಲ್ಲ. ಆತನ ವಿಧೇಯತೆಯನ್ನು ಕುರಿತ ಒಂದು ಕಥೆಯೂ ಪ್ರಚಾರದಲ್ಲಿದೆ. ಮುಪ್ಪಿನಲ್ಲಿ ಒಮ್ಮೆ ಮೇಲಿನವನು ಆತನನ್ನು ಪರೀಕ್ಷಿಸಲೆಂದು, ಈಗಿಂದೀಗಲೇ ಇಂಡೀಸಿಗೆ ಹೊರಡು ಎಂದನಂತೆ. ಮುದುಕ ಹಡಗಾವುದು, ಹಣವೆಲ್ಲಿ ಎಂದು ಒಂದೂ ಕೇಳದೆ ನೆಟ್ಟಗೆ ಬಾಗಿಲಿಗೆ ಬಂದು, ಬಾಗಿಲು ತೆಗೆಯಿರಿ, ನಾನು ಇಂಡೀಸಿಗೆ ಹೋಗಬೇಕು ಎಂದು ನಿಂತುಬಿಟ್ಟನಂತೆ. ಭಕ್ತರು ಈ ಕಥೆಯನ್ನು ಕಣ್ಣೀರಿಟ್ಟು ಹೇಳುತ್ತಾರೆ. ಕೇಳಿದವರಲ್ಲಿ ಕೆಲವರಿಗಾದರೂ ನಗು ಬಂದರೆ ತಪ್ಪಲ್ಲ. ಪ್ರಶ್ನಿಸದ ಈ ವಿಧೇಯತೆಯ ವಿಷಯವಾಗಿ ಮುಂದೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ.

ಇಂಗ್ಲಿಷ್ ಸಾಹಿತ್ಯವನ್ನು ಓದುವವರಿಗೆ ಈ ಬಾಗಿಲವನ ಪರಿಚಯ ಇನ್ನೊಂದು ದಾರಿಯಿಂದ ಆಗಿರಬಹುದು. ತಾನೂ ಜೆಸ್ವಿಟನಾಗಿದ್ದ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸನು 1888ರಲ್ಲಿ, ಡಬ್ಲಿನಿನಲ್ಲಿ ಪರೀಕ್ಷಾಪತ್ರಗಳ ರಾಶಿಯ ಕೆಳಗೆ ನರಳುತ್ತಿದ್ದ ಕಾಲದಲ್ಲಿ, ಈ ಸಂತನ ಮೇಲೆ ಒಂದು ಸುನೀತವನ್ನು ಬರೆದನು. ರಣರಂಗದ ಗಾಯಗಳು ಕಣ್ಣಿಗೆ ಕಾಣುತ್ತವೆ, ಒಳಗಿನ ಯುದ್ಧ ಯಾರಿಗೂ ಕಾಣಿಸುವುದಿಲ್ಲ ಎಂಬುದು ಅದರ ಭಾವ. ಹಾಪ್ಕಿನ್ಸನು ಮರುವರ್ಷವೇ ತೀರಿಕೊಂಡನು. ಆತನ ಕವಿತೆಗಳ ಸಂಪುಟ ಅಚ್ಚಾದದ್ದು 1918ರಲ್ಲಿ. ಪರೀಕ್ಷಾಪತ್ರಗಳನ್ನು ತಿದ್ದುವ ಕಸುಬಿನವರಾದ ನಮಗೆ ಈ ಸುನೀತದ ಮೇಲೆ ಸ್ವಲ್ಪ ಪಕ್ಷಪಾತವಿದ್ದರೆ ಕೇಳುವವರು ಕ್ಷಮಿಸಬೇಕು.

ವಿದ್ಯಾರ್ಥಿಸಂತನಾದ ಬರ್ಕ್‌ಮನ್ಸನ ಕಥೆಯನ್ನು ಇಲ್ಲಿಯೇ ಎರಡು ಮಾತಿನಲ್ಲಿ ಮುಗಿಸಬಹುದು. ಫ್ಲಾಂಡರ್ಸ್ ಸೀಮೆಯ ಡೀಸ್ಟ್ ಎಂಬ ಊರಿನ ಮೋಚಿಯೊಬ್ಬನ ಮಗ. 1599ರಲ್ಲಿ ಹುಟ್ಟಿ, 1616ರಲ್ಲಿ ಸಭೆಯನ್ನು ಸೇರಿ, 1621ರಲ್ಲಿ ರೋಮಿನಲ್ಲಿ ಜ್ವರದಿಂದ ತೀರಿಕೊಂಡನು. ಶಿಲುಬೆ, ಜಪಮಾಲೆ, ಸಭೆಯ ನಿಯಮಗಳ ಪುಸ್ತಕ ಈ ಮೂರನ್ನೂ ಎದೆಗವಚಿಕೊಂಡು ಮಡಿದನೆಂದು ಹೇಳುತ್ತಾರೆ. ಆತನು ಯಾವ ಅದ್ಭುತವನ್ನೂ ಮಾಡಲಿಲ್ಲ. ದಿನದಿನದ ನಿಯಮವನ್ನು ತಪ್ಪದೆ ನಡಸಿದನು, ಅಷ್ಟೆ. ಇಂಥ ಬಾಳಿನಲ್ಲಿ ಚರಿತ್ರಕಾರನ ಕೈಗೆ ಸಿಕ್ಕುವುದು ಕಡಮೆ.

ಇನ್ನು ಕ್ಲೇವರನ ಮಾತು. 1580ರಲ್ಲಿ ಕ್ಯಾಟಲೋನಿಯದ ವೆರ್ದು ಎಂಬ ಹಳ್ಳಿಯಲ್ಲಿ ಹುಟ್ಟಿದ ಈತನು ಬಾರ್ಸಿಲೋನದಲ್ಲಿ ಓದಿ, 1602ರಲ್ಲಿ ಯೇಸುಸಭೆಯನ್ನು ಸೇರಿ, 1605ರಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗಕ್ಕೆ ಮಯೋರ್ಕಕ್ಕೆ ಬಂದನು. ಕಾಲೇಜಿನ ಮುದಿ ಸೇವಾಸಹೋದರನಿಗೂ ಹೊಸ ವಿದ್ಯಾರ್ಥಿಗೂ ಸ್ನೇಹ ಬೆಳೆಯಿತು. ಮೇಲಿನವರ ಅಪ್ಪಣೆ ಪಡೆದು ಇಬ್ಬರೂ ಪ್ರತಿದಿನ ಸ್ವಲ್ಪ ಹೊತ್ತು ಮಾತನಾಡುತ್ತಿದ್ದರು. ಹಗಲೆಲ್ಲ ಅರಿಸ್ಟಾಟಲನ ತರ್ಕ, ಸಂಜೆ ಬಾಗಿಲವನ ಅನುಭವ! ವಿದ್ಯಾರ್ಥಿಗೆ ತನ್ನ ಮುಂದಿನ ದಾರಿ ಕಾಣದು, ಸ್ವಭಾವತಃ ಅಳುಕಿನವನು. ಇಂಡೀಸಿಗೆ ಹೋಗು, ಚಿನ್ನಕ್ಕಾಗಿ ಸಮುದ್ರ ದಾಟುವವರು ಸಾವಿರಾರು ಮಂದಿ, ಮನುಷ್ಯರಿಗಾಗಿ ದಾಟುವವರೆಷ್ಟು ಮಂದಿ ಎಂಬ ಭಾವದ ಮಾತುಗಳಿಂದ ಮುದುಕನು ಆತನನ್ನು ಹುರಿದುಂಬಿಸಿದನು. ಸ್ಪೇನಿನವರು ಇಂಡೀಸ್ ಎನ್ನುತ್ತಿದ್ದುದು ಅಮೆರಿಕವನ್ನು ಎಂಬುದನ್ನು ನೆನಪಿಡಬೇಕು. ಬೀಳ್ಕೊಡುವಾಗ ತನ್ನ ಆಧ್ಯಾತ್ಮಿಕ ಟಿಪ್ಪಣಿಗಳ ಒಂದು ಕಿರುಪುಸ್ತಕವನ್ನು ಕೊಟ್ಟನು. ಕ್ಲೇವರನು ಅದನ್ನು ಬಾಳಿನುದ್ದಕ್ಕೂ ಬಿಡಲಿಲ್ಲ.

1610ರಲ್ಲಿ ಕ್ಲೇವರನು ಸೆವಿಲ್ಲಿನಿಂದ ಹಡಗು ಹತ್ತಿ, ಇಂದಿನ ಕೊಲಂಬಿಯ ದೇಶದಲ್ಲಿರುವ ಕಾರ್ತಹೇನ ರೇವಿಗೆ ಬಂದನು. ಒಳನಾಡಿನ ಬೊಗೊಟದಲ್ಲಿ ಓದನ್ನು ಮುಗಿಸಿ, 1616ರಲ್ಲಿ ಕಾರ್ತಹೇನದಲ್ಲಿಯೇ ಗುರುದೀಕ್ಷೆ ಪಡೆದನು. ಈ ಪಟ್ಟಣ ಅಂದು ಸ್ಪೇನಿನ ಅಮೆರಿಕಕ್ಕೆ ಗುಲಾಮರನ್ನು ಇಳಿಸುವ ಮುಖ್ಯ ಬಂದರುಗಳಲ್ಲೊಂದು. ಅಂಗೋಲದಿಂದಲೂ ಗಿನಿಯ ಕರಾವಳಿಯಿಂದಲೂ ಹಡಗುಗಳು ಬರುತ್ತಿದ್ದುವು. ಒಂದೊಂದು ಹಡಗಿನ ಹೊಟ್ಟೆಯಲ್ಲಿ ನೂರಾರು ಜನ, ಕುತ್ತಿಗೆಗೂ ಕಾಲಿಗೂ ಕಬ್ಬಿಣ, ಬೆಳಕಿಲ್ಲ, ಗಾಳಿಯಿಲ್ಲ. ಹಾದಿಯಲ್ಲಿಯೇ ಸತ್ತವರನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಉಳಿದವರನ್ನು ಇಳಿಸಿ, ಕೊಟ್ಟಿಗೆಯಂಥ ಕಟ್ಟಡಗಳಲ್ಲಿ ತುಂಬಿ, ಮೈಗೆ ಎಣ್ಣೆ ಸವರಿ, ಸಂತೆಗೆ ಸಿದ್ಧಪಡಿಸುತ್ತಿದ್ದರು. ತಮ್ಮನ್ನು ಕೊಂದು ಕೊಬ್ಬು ತೆಗೆಯಲೆಂದು ಕರೆತಂದಿದ್ದಾರೆಂದು ಆ ಜನ ನಂಬಿದ್ದರೆಂಬ ಸಂಗತಿ ಆ ಕಾಲದ ಬರವಣಿಗೆಗಳಲ್ಲಿ ಬರುತ್ತದೆ. ನಂಬದಿರಲು ಅವರಿಗೆ ಕಾರಣವಾದರೂ ಏನಿತ್ತು?

ಹಡಗು ಕಂಡಿತೆಂಬ ಸುದ್ದಿಯನ್ನು ಮೊದಲು ತಂದವನ ಹೆಸರಿನಲ್ಲಿ ಬಲಿಪೂಜೆ ಮಾಡುತ್ತೇನೆಂದು ಕ್ಲೇವರನು ಮಾತು ಕೊಟ್ಟಿದ್ದನಂತೆ; ಹಾಗಾಗಿ ಸುದ್ದಿ ತರಲು ದೊಡ್ಡ ಅಧಿಕಾರಿಗಳೂ ಪೈಪೋಟಿ ನಡಸುತ್ತಿದ್ದರು. ಆತನು ದೋಣಿಯಲ್ಲಿ ಹೋಗಿ ಹಡಗಿನ ತಳಕ್ಕೆ ಇಳಿಯುತ್ತಿದ್ದನು. ಕೈಯಲ್ಲಿ ನೀರು, ನಿಂಬೆಹಣ್ಣು, ರೊಟ್ಟಿ, ಹೊಗೆಸೊಪ್ಪು, ಬ್ರಾಂದಿ. ಮೊದಲು ಸಾಯುತ್ತಿರುವವರು, ಆಮೇಲೆ ಹಡಗಿನಲ್ಲೇ ಹುಟ್ಟಿದ ಕೂಸುಗಳು, ಅನಂತರ ಉಳಿದವರು. ಹುಣ್ಣುಗಳನ್ನು ತೊಳೆಯುವನು; ತನ್ನ ಮೇಲಂಗಿಯನ್ನೇ ಹಾಸಿ ಹೊದಿಸುವನು. ಆ ಮೇಲಂಗಿಯ ವಿಷಯ ಸಾಕ್ಷಿಗಳ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ದಿನಕ್ಕೆ ಎಷ್ಟೋ ಸಲ ಅದನ್ನು ಒಗೆಯಬೇಕಾಗುತ್ತಿತ್ತು. ಮಾತು ಆಮೇಲೆ, ಮೊದಲು ಕೈ ಮಾತಾಡಬೇಕು ಎಂಬುದು ಆತನ ಕ್ರಮ. ದೂರದ ತೋಟಗಳಿಗೆ ಹೋದಾಗ ಯಜಮಾನರ ಬಂಗಲೆಯಲ್ಲಿ ಇಳಿದುಕೊಳ್ಳದೆ ಗುಲಾಮರ ಗುಡಿಸಿಲಿನಲ್ಲಿಯೇ ಮಲಗುವನು. ಪಾಪನಿವೇದನೆಗೆ ಗುಲಾಮರು ಮೊದಲು, ಶ್ರೀಮಂತ ಹೆಂಗಸರು ಆಮೇಲೆ. ದೇವಾಲಯವೆಲ್ಲ ನಾರುತ್ತದೆಂದು ಆ ಹೆಂಗಸರು ಮುನಿದದ್ದೂ ಉಂಟು. ಬಿಡುವಿನಲ್ಲಿ ಸಂತ ಲಾಜರಸನ ಹೆಸರಿನ ಕುಷ್ಠರೋಗಿಗಳ ಆಸ್ಪತ್ರೆಗೆ ಹೋಗುವನು.

ಭಾಷೆಯ ತೊಡಕು ದೊಡ್ಡದು. ಒಂದೊಂದು ಹಡಗಿನಲ್ಲಿ ಹತ್ತಾರು ನುಡಿ. ಅದಕ್ಕಾಗಿ ಕಾಲೇಜಿನಲ್ಲಿ ಆಫ್ರಿಕದ ದುಭಾಷಿಗಳಿದ್ದರು. ಅಂಗೋಲದ ಆಂದ್ರೆಸ್ ಸಕಬುಚೆ ಎಂಬುವನು ಅವರಲ್ಲಿ ಮುಖ್ಯನು. ಹಲವು ನುಡಿಗಳನ್ನು ಬಲ್ಲ ಇನ್ನೊಬ್ಬನಿಗೆ ಕಲೆಪಿನೊ ಎಂದು ಹೆಸರು. ಅದು ಆ ಕಾಲದ ಪ್ರಸಿದ್ಧ ಲ್ಯಾಟಿನ್ ನಿಘಂಟಿನ ಹೆಸರು. ನಮ್ಮಲ್ಲಿ ಒಬ್ಬನನ್ನು 'ಕಿಟ್ಟೆಲ್' ಎಂದು ಕರೆದ ಹಾಗೆ. ಹಡಗಿನ ತಳದಲ್ಲಿ ನಡುಗುತ್ತಿದ್ದವನಿಗೆ ತನ್ನ ಊರಿನ ಮಾತು ಕೇಳಿಸಿದಾಗ ಏನನ್ನಿಸಿರಬೇಕು! ಕ್ಲೇವರನ ಕೀರ್ತಿಯಲ್ಲಿ ಅರ್ಧ ಪಾಲು ಈ ದುಭಾಷಿಗಳಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಅವರು ಇಲ್ಲದಿದ್ದರೆ ಆತನು ಮೂಕನು. ಆದರೆ ಈ ದುಭಾಷಿಗಳೂ ಗುಲಾಮರೇ. ಸಭೆಯೇ ಹಣಕೊಟ್ಟು ಕೊಂಡವರು.

1622ರ ಏಪ್ರಿಲ್ 3ರಂದು ಕ್ಲೇವರನು ತನ್ನ ಕೊನೆಯ ವ್ರತವನ್ನು ಸ್ವೀಕರಿಸಿ ಅದರ ಪತ್ರಕ್ಕೆ ರುಜು ಹಾಕುವಾಗ, ಹೆಸರಿನ ಮುಂದೆ, ಆಫ್ರಿಕದವರಿಗೆ ಎಂದೆಂದಿಗೂ ದಾಸನು ಎಂಬ ಅರ್ಥದ ಲ್ಯಾಟಿನ್ ಮಾತನ್ನು ಸೇರಿಸಿದನು. ದಾಸ ಎಂಬ ಶಬ್ದ ನಮ್ಮ ಕಿವಿಗೆ ಇಂಪಾಗಿದೆ. ಪುರಂದರದಾಸರು, ಕನಕದಾಸರು ಹಾಡಿದ ನಾಡು ಇದು; ಶಿವಭಕ್ತರ ಮನೆಯ ತೊತ್ತು ಎಂದು ಹೇಳಿಕೊಳ್ಳುವುದು ಶರಣರಲ್ಲಿ ಹಿರಿಮೆ. ಕಾರ್ತಹೇನದಲ್ಲಾದರೋ ಅದು ಕ್ರಯಪತ್ರದ ಮಾತು, ಕಾಯಿಸಿದ ಕಬ್ಬಿಣದಿಂದ ಮೈಮೇಲೆ ಒತ್ತುವ ಮುದ್ರೆಯ ಮಾತು. ಅದನ್ನು ತಿಳಿದೇ ಕ್ಲೇವರನು ಬರೆದನು.

ಆತನು ಜ್ಞಾನಸ್ನಾನ ಕೊಟ್ಟವರು ಮೂರು ಲಕ್ಷವೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಈ ಅಂಕಿ ಆ ರೇವಿಗೆ ಬಂದವರ ಲೆಕ್ಕಕ್ಕೆ ಹೊಂದುವುದಿಲ್ಲವೆಂದು ಇತ್ತೀಚಿನ ಚರಿತ್ರಕಾರರು ತಗ್ಗಿಸಿದ್ದಾರೆ. ಸಭೆಯ ಮೇಲಧಿಕಾರಿಗಳಿಗೂ ಆತನ ಮೇಲೆ ವಿಶೇಷವಾದ ಅಭಿಮಾನವಿರಲಿಲ್ಲ. ಅವರ ಗೋಪ್ಯ ವರದಿಗಳಲ್ಲಿ ಬುದ್ಧಿ ಸಾಧಾರಣವೆಂದೂ ವಿವೇಕ ಸಾಲದೆಂದೂ ಬರೆದಿದೆ. ಗುಲಾಮರ ಕುಣಿತಗಳನ್ನೂ ಡೋಲುಗಳನ್ನೂ ಆತನು ಸಹಿಸುತ್ತಿರಲಿಲ್ಲವೆಂದು ಸಾಕ್ಷ್ಯಗಳೇ ಹೇಳುತ್ತವೆ. ಅವರಿಗುಳಿದಿದ್ದ ಒಂದೇ ಸಂತೋಷದ ಮೇಲೂ ಆತನ ಕಣ್ಣು ಬಿದ್ದಿತು. ಇದನ್ನು ಮುಚ್ಚಿಟ್ಟು ಸ್ತೋತ್ರ ಮಾಡಿದರೆ ಚರಿತ್ರೆಯಾಗುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ಸರಪಳಿಯಿಂದಾದ ಹುಣ್ಣನ್ನು ತೊಳೆದವನು ಸರಪಳಿಯ ವಿಷಯವಾಗಿ ಏನು ಹೇಳಿದನು? ಏನೂ ಹೇಳಲಿಲ್ಲ. ಯಜಮಾನರಿಗೆ ಕರುಣೆಯನ್ನು ಬೋಧಿಸಿದನು. ಗುಲಾಮಗಿರಿಯೇ ಅನ್ಯಾಯವೆಂದು ಆತನು ಸಾರಿದ್ದಕ್ಕೆ ಆಧಾರವಿಲ್ಲ. ಆ ಕಾಲದಲ್ಲಿ ಅಂಥ ಯೋಚನೆ ಯಾರಿಗೂ ಹೊಳೆದಿರಲಿಲ್ಲವೆಂದು ಸಮಾಧಾನ ಹೇಳುವುದು ವಾಡಿಕೆ. ಈ ಸಮಾಧಾನ ನಿಲ್ಲುವುದಿಲ್ಲ. ಕಾರ್ತಹೇನದಲ್ಲಿ ಕ್ಲೇವರನಿಗಿಂತ ಮೊದಲು ಈ ಸೇವೆಯನ್ನಾರಂಭಿಸಿ ಆತನಿಗೆ ಕೆಲಸ ಕಲಿಸಿದ ಜೆಸ್ವಿಟನು ಅಲೊನ್ಸೊ ದೆ ಸಂದೊವಾಲ್. ಈತನಿಗೆ ಸಂಶಯ ಹುಟ್ಟಿತ್ತು. ಈ ಜನರನ್ನು ಹಿಡಿದದ್ದು ನ್ಯಾಯವಾಗಿಯೇ ಎಂದು ಕೇಳಿ ಆಫ್ರಿಕದ ಲುವಾಂಡದಲ್ಲಿದ್ದ ಜೆಸ್ವಿಟ್ ಕಾಲೇಜಿನ ಮುಖ್ಯಸ್ಥನಿಗೆ 1610ರ ಸುಮಾರಿಗೆ ಪತ್ರ ಬರೆದನು. ಇದನ್ನು ವಿದ್ವಾಂಸರು ಪರಿಶೀಲಿಸಿದ್ದಾರೆ, ನಮ್ಮ ಪಾದ್ರಿಗಳೂ ಅಳುಕಿಲ್ಲದೆ ಗುಲಾಮರನ್ನು ಕೊಳ್ಳುತ್ತಾರೆ, ಚಿಂತೆ ಬೇಡ ಎಂಬ ಅರ್ಥದ ಉತ್ತರ ಬಂದಿತು. ಸಂದೊವಾಲನು ಆ ಉತ್ತರವನ್ನು 1627ರಲ್ಲಿ ಸೆವಿಲ್ಲಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಸೇರಿಸಿದ್ದಾನೆ. ಹಡಗುಗಳ ಘೋರವನ್ನೂ ವ್ಯಾಪಾರದ ಮೋಸವನ್ನೂ ಅಲ್ಲಿ ವಿವರವಾಗಿ ವರ್ಣಿಸಿದ್ದಾನೆ. ಆದರೆ ಕೊನೆಯ ಹೆಜ್ಜೆಯನ್ನಿಡಲಿಲ್ಲ. ಮೇಲಿನವರು ಚಿಂತೆ ಬೇಡವೆಂದರು, ಚಿಂತೆಯನ್ನು ಬಿಟ್ಟನು.

ಹೆಜ್ಜೆಯನ್ನಿಟ್ಟವರೂ ಇದ್ದರು. ಕ್ಲೇವರನು ತೀರಿಕೊಂಡ ಮೂವತ್ತು ವರ್ಷಗಳೊಳಗೆ, 1681ರಲ್ಲಿ, ಹವಾನದಲ್ಲಿ ಕಪುಚಿನ್ ಪಂಥದ ಇಬ್ಬರು ಸಂನ್ಯಾಸಿಗಳು, ಫ್ರಾನ್ಸಿಸ್ಕೊ ಹೊಸೆ ದೆ ಹಾಕ ಮತ್ತು ಎಪಿಫಾನ್ ದೆ ಮೊಯ್ರಾನ್ ಎಂಬುವರು, ಗುಲಾಮರನ್ನು ಬಿಡುಗಡೆ ಮಾಡಬೇಕು, ಮಾಡಿಸಿಕೊಂಡ ದುಡಿಮೆಗೆ ಕೂಲಿಯನ್ನೂ ಕೊಡಬೇಕು, ಇಲ್ಲದಿದ್ದರೆ ಯಜಮಾನರ ಪಾಪಕ್ಕೆ ಕ್ಷಮೆಯಿಲ್ಲ ಎಂದು ಬೋಧಿಸಿದರು. ಅವರಿಗೆ ದೊರೆತದ್ದು ಬಹಿಷ್ಕಾರ, ಸೆರೆ, ಸ್ಪೇನಿಗೆ ಗಡೀಪಾರು. ಅವರಿಗೆ ಯಾರೂ ಸಂತಪದವಿಯನ್ನು ಕೊಡಲಿಲ್ಲ. ಹಡಗಿಲ್ಲದೆಯೇ ಇಂಡೀಸಿಗೆ ಹೊರಟು ಬಾಗಿಲಲ್ಲಿ ನಿಂತ ಮುದುಕನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಪ್ರಶ್ನೆ ಕೇಳದ ಗುಣವೇ ಒಬ್ಬನನ್ನು 46 ವರ್ಷ ಒಂದು ಬಾಗಿಲಿನಲ್ಲಿ ನಿಲ್ಲಿಸಿತು. ಇನ್ನೊಬ್ಬನನ್ನು ನಾಲ್ವತ್ತು ವರ್ಷ ಆ ನರಕದಲ್ಲಿ ಬೇಸರವಿಲ್ಲದೆ ದುಡಿಸಿತು. ಆ ಗುಣವೇ ಕೇಳಲೇಬೇಕಾಗಿದ್ದ ಪ್ರಶ್ನೆಯನ್ನೂ ತಡೆಯಿತು. ಈ ಎರಡನ್ನೂ ಬಿಡಿಸಿ ಒಂದನ್ನು ಮಾತ್ರ ಹೊಗಳುವುದು ನಮ್ಮಿಂದಾಗದು.

ಸಭೆಯ ಮುಂದಿನ ಚರಿತ್ರೆಯೂ ಈ ಪ್ರಶ್ನೆಯನ್ನು ಬಿಗಿಮಾಡುತ್ತದೆ. 1767ರಲ್ಲಿ ಸ್ಪೇನಿನ ರಾಜನು ಜೆಸ್ವಿಟರನ್ನು ತನ್ನ ರಾಜ್ಯಗಳಿಂದ ಹೊರಡಿಸಿದಾಗ ಅವರ ತೋಟಗಳಲ್ಲಿ ಸಾವಿರಾರು ಗುಲಾಮರಿದ್ದರು; ಸರ್ಕಾರ ಅವರನ್ನು ದನಕರುಗಳ ಜೊತೆಗೆ ಪಟ್ಟಿಮಾಡಿಕೊಂಡಿತು. 1773ರಲ್ಲಿ ಪೋಪರೇ ಸಭೆಯನ್ನು ವಿಸರ್ಜಿಸಿ 1814ರಲ್ಲಿ ಮತ್ತೆ ಎತ್ತಿನಿಲ್ಲಿಸಿದರು. ಅನಂತರವೂ, 1838ರಲ್ಲಿ, ಮೇರಿಲೆಂಡಿನ ಜೆಸ್ವಿಟರು ಸಾಲ ತೀರಿಸಲೆಂದು 272 ಮಂದಿಯನ್ನು ಲೂಯಿಸಿಯಾನದ ತೋಟಗಾರರಿಗೆ ಮಾರಿದರು. 2017ರಲ್ಲಿ ಆ ಗುಲಾಮರ ಸಂತತಿಯವರ ಎದುರಿಗೆ ಸಭೆಯವರು ಜಾರ್ಜ್‌ಟೌನಿನಲ್ಲಿ ಕ್ಷಮೆ ಬೇಡಿದರು. ಇದೆಲ್ಲದರ ನಡುವೆ 1888ರ ಆ ಘೋಷಣೆಯನ್ನು ಇಟ್ಟು ನೋಡಬೇಕು. ಕ್ಯೂಬದಲ್ಲಿ ಗುಲಾಮಗಿರಿ ನಿಂತು ಆಗಿನ್ನೂ ಎರಡು ವರ್ಷವಾಗಿತ್ತು. ಬ್ರೆಜಿಲಿನಲ್ಲಿ ಅದು ನಿಂತದ್ದು ಅದೇ 1888ರ ಮೇ 13ರಂದು. ಅದಕ್ಕೆ ಎಂಟು ದಿನ ಮೊದಲು ಪೋಪ್ ಲಿಯೋ ಅವರು ಬ್ರೆಜಿಲಿನ ಬಿಷಪ್ಪರಿಗೆ ಗುಲಾಮಗಿರಿಯನ್ನು ಖಂಡಿಸಿ ಪತ್ರ ಬರೆದಿದ್ದರು. ಕ್ಲೇವರನು ಹೇಳದೆ ಬಿಟ್ಟ ಮಾತನ್ನು ರೋಮ್ ಆತನಿಗೆ ಸಂತಪದವಿಯನ್ನು ಕೊಟ್ಟ ವರ್ಷದಲ್ಲಿ ಹೇಳಿತು. ಅಷ್ಟರಲ್ಲಿ ಎರಡು ಶತಮಾನಗಳು ಮುಗಿದಿದ್ದುವು.

ಹಾಗಿದ್ದರೂ ಕ್ಲೇವರನನ್ನು ಕೈಬಿಡಲು ನಮಗೆ ಮನಸ್ಸು ಬರುವುದಿಲ್ಲ. ಕಾರಣ, 1658ರಿಂದ ನಡೆದ ಆ ವಿಚಾರಣೆ. ಅಲ್ಲಿ ಗವರ್ನರುಗಳ, ವರ್ತಕರ, ಪಾದ್ರಿಗಳ ಮಾತಿನ ಜೊತೆಗೆ ದುಭಾಷಿಗಳ ಮಾತೂ ದಾಖಲಾಗಿದೆ. ಸಕಬುಚೆ ಮಾತಾಡಿದ್ದಾನೆ. ಹಡಗಿನ ತಳದಲ್ಲಿ ತಾನು ಕ್ಲೇವರನ ಪಕ್ಕದಲ್ಲಿ ನಿಂತು ಕಂಡದ್ದನ್ನು, ಯಾವ ಹುಣ್ಣು, ಯಾವ ಬಟ್ಟೆ, ಯಾವ ಮಾತು ಎಂಬುದನ್ನು ಹೇಳಿದ್ದಾನೆ. ಆ ಶತಮಾನದಲ್ಲಿ ಗುಲಾಮರ ಹೆಸರು ಕಾಗದಕ್ಕೆ ಬರುತ್ತಿದ್ದದ್ದು ಸಾಮಾನ್ಯವಾಗಿ ಬೆಲೆಯ ಪಕ್ಕದಲ್ಲಿ. ಇಲ್ಲಿ ಅವರು ಪ್ರಮಾಣ ಮಾಡಿ ನುಡಿದ ಸಾಕ್ಷಿಗಳು. ಒಬ್ಬ ಬಿಳಿಯನು ಪೂಜ್ಯನೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದಕ್ಕೆ ಅವರ ಮಾತು ಬೇಕಾಯಿತು.

ಕ್ಲೇವರನ ಕೊನೆಗಾಲ ಸುಖದ್ದಲ್ಲ. 1650ರಲ್ಲಿ ಪಟ್ಟಣಕ್ಕೆ ಸಾಂಕ್ರಾಮಿಕ ಬಂದಾಗ ಆತನಿಗೂ ರೋಗ ತಗುಲಿತು. ಪ್ರಾಣ ಉಳಿಯಿತು, ಕೈಕಾಲು ಉಳಿಯಲಿಲ್ಲ. ನಡುಗುವ ಕೈಗಳಿಂದ ಬಲಿಪೂಜೆಯನ್ನು ಮಾಡುವಂತಿಲ್ಲ, ತನ್ನ ತುತ್ತನ್ನು ತಾನು ಬಾಯಿಗಿಡುವಂತಿಲ್ಲ. ನಾಲ್ಕು ವರ್ಷ ಒಂದು ಕೊಠಡಿಯಲ್ಲಿ ಬಿದ್ದಿದ್ದನು. ಪಟ್ಟಣ ಮರೆಯಿತು, ಮನೆಯವರೂ ಹೆಚ್ಚುಕಡಮೆ ಮರೆತರು. ಆತನನ್ನು ನೋಡಿಕೊಳ್ಳಲು ನೇಮಿಸಿದ್ದ ಆಳು ಒಬ್ಬ ಗುಲಾಮನು. ಅವನು ಊಟದಲ್ಲಿ ಒಳ್ಳೆಯ ಪಾಲನ್ನು ತಾನೇ ತಿಂದು, ಉಳಿದದ್ದನ್ನು ಆತನ ಮುಂದಿಡುವನು. ಎತ್ತುವಾಗ ಇಳಿಸುವಾಗ ಒರಟಾಗಿ ನಡೆದುಕೊಳ್ಳುವನು. ಕೆಲವು ದಿನ ಬರುವುದೇ ಇಲ್ಲ. ಕ್ಲೇವರನು ಯಾರಲ್ಲಿಯೂ ದೂರಲಿಲ್ಲ. ಜೀವನಚರಿತ್ರಕಾರರು ಆ ಆಳನ್ನು ಬಹಳವಾಗಿ ನಿಂದಿಸಿದ್ದಾರೆ. ಆ ಆಳಿನ ಕಥೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

1654ರ ಸೆಪ್ಟೆಂಬರಿನಲ್ಲಿ ಕ್ಲೇವರನು ಸಾಯುತ್ತಿದ್ದಾನೆಂಬ ಸುದ್ದಿ ಹರಡಿದೊಡನೆ ಪಟ್ಟಣಕ್ಕೆ ನೆನಪು ಮರಳಿತು. ಜನ ಕೊಠಡಿಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಸ್ಮಾರಕವೆಂದು ಕೊಂಡೊಯ್ದರು. 8ರಂದು ಆತನು ತೀರಿಕೊಂಡನು. ಬದುಕಿದ್ದಾಗ ಆತನನ್ನು ಕಂಡು ಗೊಣಗುತ್ತಿದ್ದ ಪಟ್ಟಣದ ಅಧಿಕಾರಿಗಳು ಸರ್ಕಾರಿ ಖರ್ಚಿನಲ್ಲಿ ಭಾರಿ ಉತ್ತರಕ್ರಿಯೆ ನಡಸಿದರು. ಅದರ ಬಳಿಕ ಊರಿನ ಆಫ್ರಿಕದವರೂ ಅಲ್ಲಿನ ಮೂಲನಿವಾಸಿಗಳೂ ತಮ್ಮದೇ ಆದ ಇನ್ನೊಂದು ಬಲಿಪೂಜೆಯನ್ನು ಏರ್ಪಡಿಸಿ, ಅದಕ್ಕೆ ಸ್ಪೇನಿನ ಅಧಿಕಾರಿಗಳನ್ನು ಅತಿಥಿಗಳಾಗಿ ಕರೆದರು.